ಕೆರೆ, ನದಿಯ ಲೆಕ್ಕಕ್ಕೆ ಕಂಪ್ಯೂಟರ್ ಮಾಡೆಲ್: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ

ಸಿಹಿನೀರಿನ ಮಾಡೆಲಿಂಗ್ ಕಲಿಯಬೇಕೆಂದು ಬರುವವರ ಮೊದಲ ಪ್ರಶ್ನೆ ಹೆಚ್ಚಾಗಿ ಇದು: "ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?" ಸದ್ಯಕ್ಕೆ ಯಾವುದೂ ಬೇಡ, ಒಂದು ಸ್ಪ್ರೆಡ್‌ಶೀಟ್ ಸಾಕು ಅನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಬಣ್ಣಬಣ್ಣದ ನಕ್ಷೆ, ಹರಿಯುವ ನೀರಿನ ಅನಿಮೇಶನ್ ನೋಡಿ ಆಸೆಪಟ್ಟು ಬಂದವರಿಗೆ ಕೂಡು-ಕಳೆ ಲೆಕ್ಕ ಎಲ್ಲಿ ರುಚಿಸೀತು? ಆದರೆ ಕೆರೆಯಾಗಲಿ, ನದಿಯಾಗಲಿ, ಅಂತರ್ಜಲವಾಗಲಿ, ಮಾಡೆಲ್ ಅಂದರೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವೇ. ಅದು ಕೈಗೆ ಹತ್ತುವ ಮುಂಚೆ ಸಾಫ್ಟ್‌ವೇರ್ ಹಿಡಿದರೆ ನಮ್ಮ ತಪ್ಪನ್ನೇ ಅದು ಚೆಂದ ಮಾಡಿ ತೋರಿಸುತ್ತದೆ.

ಉದಾಹರಣೆಗೆ ಒಂದು ಕಾಲ್ಪನಿಕ ಕೆರೆಯನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ. ವಿಸ್ತೀರ್ಣ 40 ಹೆಕ್ಟೇರ್, ಸರಾಸರಿ ಆಳ 3 ಮೀಟರ್, ಅಂದರೆ 12 ಲಕ್ಷ ಘನ ಮೀಟರ್ ನೀರು. ಅದಕ್ಕೆ ನೀರು ಕೊಡುವ ಜಲಾನಯನ ಪ್ರದೇಶ 10 ಚದರ ಕಿಲೋಮೀಟರ್. ಬೇಸಿಗೆಯಲ್ಲಿ ನೀರು ಹಸಿರಾಗಿ ನಾರುತ್ತದೆ.

ಹೆಜ್ಜೆ 1: ಪ್ರಶ್ನೆ ಒಂದೇ ವಾಕ್ಯದಲ್ಲಿರಲಿ

"ಕೆರೆಯನ್ನು ಅರ್ಥಮಾಡಿಕೊಳ್ಳಬೇಕು" ಅನ್ನುವುದರಿಂದ ಕೆಲಸ ಮುಂದೆ ಹೋಗುವುದಿಲ್ಲ. "ಪಾಚಿ ಕಡಿಮೆಯಾಗಬೇಕಾದರೆ ಒಳಬರುವ ಫಾಸ್ಫರಸ್ಸನ್ನು ವರ್ಷಕ್ಕೆ ಎಷ್ಟು ಕಿಲೋಗೆ ಇಳಿಸಬೇಕು?" ಎಂದು ಬರೆಯಿರಿ. ಯಾವುದನ್ನು ಅಳೆಯಬೇಕು, ದಿನದ ಲೆಕ್ಕ ಬೇಕೋ ತಿಂಗಳದ್ದು ಸಾಕೋ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದೆಲ್ಲ ಆ ವಾಕ್ಯದಿಂದಲೇ ಹೊರಡುತ್ತದೆ. ಪ್ರಶ್ನೆಯ ಜೊತೆಗೆ, ಉತ್ತರ ಸಿಕ್ಕ ಮೇಲೆ ಯಾರು ಏನು ನಿರ್ಧಾರ ಮಾಡುತ್ತಾರೆ ಎಂಬುದನ್ನೂ ಬರೆದಿಡಿ. ಉತ್ತರ ಏನೇ ಬಂದರೂ ನಿರ್ಧಾರ ಬದಲಾಗುವುದಿಲ್ಲ ಎಂದಾದರೆ ಮಾಡೆಲ್‌ನ ಅಗತ್ಯವೇ ಇಲ್ಲ.

ಹೆಜ್ಜೆ 2: ನೀರಿನ ಜಮಾ-ಖರ್ಚು

ಸ್ಪ್ರೆಡ್‌ಶೀಟಿನಲ್ಲಿ ಒಂದೊಂದು ಸಾಲು ಒಂದೊಂದು ತಿಂಗಳಿಗೆ. ಜಮಾ ಕಡೆ ಕಾಲುವೆಗಳಿಂದ ಬಂದ ನೀರು ಮತ್ತು ಕೆರೆಯ ಮೇಲೆಯೇ ಬಿದ್ದ ಮಳೆ. ಖರ್ಚಿನ ಕಡೆ ಆವಿ, ಕೋಡಿಯಲ್ಲಿ ಹರಿದದ್ದು, ತೂಬಿನಲ್ಲಿ ಬಿಟ್ಟದ್ದು, ಇಂಗಿದ್ದು, ಪಂಪಿನಲ್ಲಿ ಎತ್ತಿದ್ದು. ಹಿಂದಿನ ತಿಂಗಳ ಶಿಲ್ಕಿಗೆ ಜಮಾ ಕೂಡಿಸಿ ಖರ್ಚು ಕಳೆದರೆ ಈ ತಿಂಗಳ ಶಿಲ್ಕು. ಅಂಗಡಿ ಲೆಕ್ಕದ ಹಾಗೇ.

ನಮ್ಮ ಕೆರೆಗೆ ವರ್ಷದ ಲೆಕ್ಕ ಹೀಗಿರಲಿ: ಕಾಲುವೆಗಳಿಂದ 24 ಲಕ್ಷ ಘನ ಮೀಟರ್. ಕೆರೆಯ ಮೇಲೆ ಬಿದ್ದ 800 ಮಿಲಿಮೀಟರ್ ಮಳೆಯಿಂದ 3.2 ಲಕ್ಷ. ಆವಿಯಾಗಿ ಹೋದದ್ದು 1,500 ಮಿಲಿಮೀಟರ್, ಅಂದರೆ 6 ಲಕ್ಷ. ಇಂಗುವುದನ್ನು ಸದ್ಯಕ್ಕೆ ಸೊನ್ನೆ ಎಂದುಕೊಂಡರೆ ಹೊರಹರಿವು 21.2 ಲಕ್ಷ. ಕೆರೆಯ 12 ಲಕ್ಷವನ್ನು ಈ 21.2ರಿಂದ ಭಾಗಿಸಿದರೆ 0.57 ವರ್ಷ. ಒಳಬಂದ ನೀರು ಸರಾಸರಿ ಏಳು ತಿಂಗಳು ಕೆರೆಯಲ್ಲಿ ತಂಗುತ್ತದೆ ಎಂದರ್ಥ. ಈ ತಂಗುವ ಕಾಲವನ್ನು ದಪ್ಪಕ್ಷರದಲ್ಲಿ ಬರೆದಿಡಿ. ಕೆರೆಯ ಬಗ್ಗೆ ಇಷ್ಟೊಂದು ಹೇಳುವ ಇನ್ನೊಂದು ಸಂಖ್ಯೆ ನನಗೆ ಸಿಕ್ಕಿಲ್ಲ.

ಇಂಗುವುದು ಸೊನ್ನೆ ಎಂಬ ಊಹೆ ಸುಳ್ಳೇ ಇರುತ್ತದೆ. ಅದನ್ನು ಹಿಡಿಯಲು ಒಂದು ಹಳೆಯ ಉಪಾಯವಿದೆ. ಮಳೆಯಿಲ್ಲದ, ಕಾಲುವೆ ಒಣಗಿದ, ತೂಬು ಮುಚ್ಚಿದ ತಿಂಗಳನ್ನು ಹುಡುಕಿ. ಆ ತಿಂಗಳು ನೀರಿನ ಮಟ್ಟ 30 ಸೆಂಟಿಮೀಟರ್ ಇಳಿಯಿತು ಅನ್ನಿ. ಆವಿ ಅಳೆಯುವ ತಟ್ಟೆಯಲ್ಲಿ 260 ಮಿಲಿಮೀಟರ್ ಹೋಗಿದೆ. ತೆರೆದ ಲೋಹದ ತಟ್ಟೆ ಕೆರೆಗಿಂತ ಬೇಗ ಕಾಯುವುದರಿಂದ ಅದನ್ನು 0.7ರಿಂದ ಗುಣಿಸುವುದು ರೂಢಿ. ಆಗ ಆವಿಯ ಪಾಲು ಸುಮಾರು 18 ಸೆಂಟಿಮೀಟರ್. ಉಳಿದ 12 ಸೆಂಟಿಮೀಟರ್ ಎಲ್ಲಿ ಹೋಯಿತು? 40 ಹೆಕ್ಟೇರಿಗೆ ಅದು 48,000 ಘನ ಮೀಟರ್. ಇಂಗಿರಬಹುದು, ಏರಿಯಲ್ಲಿ ಸೋರಿಕೆ ಇರಬಹುದು, ರಾತ್ರಿ ಯಾರೋ ಪಂಪ್ ಹಚ್ಚಿರಬಹುದು. ಮೂರರಲ್ಲಿ ಯಾವುದು ಎಂದು ಲೆಕ್ಕ ಹೇಳುವುದಿಲ್ಲ. ಅದಕ್ಕೆ ಕೆರೆಯ ಸುತ್ತ ಒಂದು ಸುತ್ತು ನಡೆದೇ ಬರಬೇಕು.

ಇನ್ನೊಂದು ಮಾತು. ಮಟ್ಟ ಇಳಿದಂತೆ ಕೆರೆಯ ವಿಸ್ತೀರ್ಣವೂ ಕುಗ್ಗುತ್ತದೆ. ದೋಣಿಯಲ್ಲಿ ಹೋಗಿ ಹಗ್ಗದಲ್ಲೋ ಎಕೋ ಸೌಂಡರಿನಲ್ಲೋ ಆಳ ಅಳೆದು, ಯಾವ ಮಟ್ಟಕ್ಕೆ ಎಷ್ಟು ವಿಸ್ತೀರ್ಣ, ಎಷ್ಟು ನೀರು ಎಂಬ ಪಟ್ಟಿ ಮಾಡಿಕೊಳ್ಳಿ. ದಶಕಗಳ ಹಿಂದಿನ ನಕಾಶೆಯ ಆಳವನ್ನು ನಂಬಬೇಡಿ. ಅಷ್ಟರಲ್ಲಿ ಹೂಳು ತನ್ನ ಪಾಲು ತೆಗೆದುಕೊಂಡಿರುತ್ತದೆ.

ಹೆಜ್ಜೆ 3: ಮಳೆಯಿಂದ ಹರಿವು

ಕಾಲುವೆಯ ಹರಿವನ್ನು ಯಾರೂ ಅಳೆದಿಲ್ಲದಿದ್ದರೆ ಮಳೆಯಿಂದ ಅಂದಾಜು ಮಾಡಬೇಕಾಗುತ್ತದೆ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ರೂಪಿಸಿದ ಕರ್ವ್ ನಂಬರ್ ವಿಧಾನ ಇವತ್ತಿಗೂ ಎಲ್ಲ ಕಡೆ ಬಳಕೆಯಲ್ಲಿದೆ. ನೆಲದ ಗುಣಕ್ಕೆ 100ರೊಳಗಿನ ಒಂದು ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ಇಂಗುವುದು ಕಡಿಮೆ, ಹರಿಯುವುದು ಜಾಸ್ತಿ.

ಸೂತ್ರ ಹೀಗೆ: 25,400ನ್ನು ಆ ಅಂಕದಿಂದ ಭಾಗಿಸಿ 254 ಕಳೆದರೆ ನೆಲ ಹಿಡಿದಿಡಬಲ್ಲ ನೀರು ಮಿಲಿಮೀಟರಿನಲ್ಲಿ ಬರುತ್ತದೆ. ಮಳೆಯಿಂದ, ನೆಲ ಹಿಡಿದಿಡುವ ಆ ನೀರಿನ ಐದನೇ ಒಂದು ಪಾಲು ಕಳೆದು ವರ್ಗ ಮಾಡಿ. ಮಳೆಗೆ ಅದೇ ನೀರಿನ ಐದನೇ ನಾಲ್ಕು ಪಾಲು ಸೇರಿಸಿ, ಬಂದ ಮೊತ್ತದಿಂದ ಆ ವರ್ಗವನ್ನು ಭಾಗಿಸಿ. ಬಂದದ್ದೇ ಹರಿವು. ಒಂದೇ ಸಲಕ್ಕೆ 80 ಮಿಲಿಮೀಟರ್ ಮಳೆ ಸುರಿದಾಗ ಅಂಕ 75 ಇರುವ ನೆಲದಿಂದ 27 ಮಿಲಿಮೀಟರ್ ಹರಿಯುತ್ತದೆ. ಅದೇ ನೆಲಕ್ಕೆ ಕಾಂಕ್ರೀಟು, ಟಾರು, ಛಾವಣಿ ಬಂದು ಅಂಕ 90ಕ್ಕೆ ಏರಿದರೆ 54. ಮಳೆ ಅಷ್ಟೇ, ಪ್ರವಾಹ ಇಮ್ಮಡಿ. ಇದನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿದವರಿಗೆ ನಗರ ಬೆಳೆದ ಮೇಲೆ ಕೋಡಿ ಯಾಕೆ ಪದೇ ಪದೇ ಉಕ್ಕುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಡೀ ದಿನ ಜಿಟಿಜಿಟಿ ಸುರಿಯುವ ಸಣ್ಣ ಮಳೆಗೆ ಮಾತ್ರ ಈ ವಿಧಾನ ಅಷ್ಟು ನಂಬಿಕಸ್ಥವಲ್ಲ.

ಹೆಜ್ಜೆ 4: ನೀರಿನ ಜೊತೆ ಬರುವ ಸರಕು

ಪಾಚಿಯ ಪ್ರಶ್ನೆಗೆ ಫಾಸ್ಫರಸ್ಸೇ ಯಾಕೆ? 1973ರಲ್ಲಿ ಕೆನಡಾದ ಪ್ರಾಯೋಗಿಕ ಸರೋವರ ಪ್ರದೇಶದಲ್ಲಿ 226ನೇ ಸಂಖ್ಯೆಯ ಸರೋವರವನ್ನು ಡೇವಿಡ್ ಶಿಂಡ್ಲರ್ ತಂಡ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಮಾಡಿತು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜೊತೆ ಫಾಸ್ಫರಸ್. ಫಾಸ್ಫರಸ್ ಬಿದ್ದ ಭಾಗ ಹಸಿರಾಯಿತು, ಇನ್ನೊಂದು ಇದ್ದ ಹಾಗೇ ಇತ್ತು. ವಿಮಾನದಿಂದ ತೆಗೆದ ಆ ಚಿತ್ರ ಜಲವಿಜ್ಞಾನದ ತರಗತಿಗಳಲ್ಲಿ ಇವತ್ತಿಗೂ ಓಡಾಡುತ್ತದೆ.

ಇಷ್ಟು ಫಾಸ್ಫರಸ್ ಬಂದರೆ ಕೆರೆಯ ನೀರಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಸರಳ ಸೂತ್ರಕ್ಕೆ ಇಳಿಸಿದವರು ಸರೋವರ ವಿಜ್ಞಾನಿ ರಿಚರ್ಡ್ ವೊಲೆನ್‌ವೈಡರ್. ವರ್ಷಕ್ಕೆ ಬರುವ ಫಾಸ್ಫರಸ್ಸನ್ನು ಹೊರಹರಿವಿನಿಂದ ಭಾಗಿಸಿ. ಬಂದದ್ದನ್ನು, ತಂಗುವ ಕಾಲದ ವರ್ಗಮೂಲಕ್ಕೆ ಒಂದು ಸೇರಿಸಿದ ಸಂಖ್ಯೆಯಿಂದ ಮತ್ತೆ ಭಾಗಿಸಿ. ಕೆರೆಯ ಸರಾಸರಿ ಫಾಸ್ಫರಸ್ ಅಂದಾಜು ಸಿಗುತ್ತದೆ. ನೀರು ಹೆಚ್ಚು ಕಾಲ ತಂಗಿದಷ್ಟೂ ಹೆಚ್ಚು ಫಾಸ್ಫರಸ್ ತಳಕ್ಕಿಳಿಯುತ್ತದೆ, ಆ ವರ್ಗಮೂಲ ಹೇಳುವುದು ಇದನ್ನೇ.

ನಮ್ಮ ಕೆರೆಗೆ ಹಾಕೋಣ. ಕಾಲುವೆಗಳ 24 ಲಕ್ಷ ಘನ ಮೀಟರ್ ನೀರಿನಲ್ಲಿ ಲೀಟರಿಗೆ ಸರಾಸರಿ 0.2 ಮಿಲಿಗ್ರಾಂ ಇದೆ ಎಂದರೆ ವರ್ಷಕ್ಕೆ 480 ಕಿಲೋ. ಸೂತ್ರದ ಉತ್ತರ ಲೀಟರಿಗೆ ಸುಮಾರು 129 ಮೈಕ್ರೋಗ್ರಾಂ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ (ಓಇಸಿಡಿ) 1982ರಲ್ಲಿ ಕೊಟ್ಟ ವರ್ಗೀಕರಣದಲ್ಲಿ 35ರಿಂದ 100 ಇದ್ದರೆ ಪೋಷಕಾಂಶ ಹೆಚ್ಚಾದ ಕೆರೆ, 100 ದಾಟಿದರೆ ಅತಿಯಾದದ್ದು. ನೀರು ಹಸಿರಾಗಿ ನಾರುವುದರಲ್ಲಿ ಆಶ್ಚರ್ಯವಿಲ್ಲ.

ಈಗ ತಿರುಗಿಸಿ ಕೇಳಿ: 35ಕ್ಕೆ ಇಳಿಯಬೇಕಾದರೆ? ವರ್ಷಕ್ಕೆ ಸುಮಾರು 130 ಕಿಲೋ ಮಾತ್ರ ಬರಬೇಕು. ಕಷ್ಟಪಟ್ಟು ಅರ್ಧಕ್ಕೆ, ಅಂದರೆ 240 ಕಿಲೋಗೆ ಇಳಿಸಿದರೂ ಕೆರೆಯಲ್ಲಿ ಸುಮಾರು 65 ಉಳಿಯುತ್ತದೆ. ನೀರು ಆಗಲೂ ಹಸಿರೇ. ಅರ್ಧ ಕೆಲಸ ಮುಗಿಸಿ "ಏನೂ ಪ್ರಯೋಜನವಾಗಲಿಲ್ಲ" ಎಂದು ಕೈಬಿಟ್ಟ ಯೋಜನೆಗಳಿಗೆ ಮೊದಲೇ ಈ ಐದು ನಿಮಿಷದ ಲೆಕ್ಕ ಯಾರಾದರೂ ತೋರಿಸಿದ್ದರೆ ಎಷ್ಟೋ ಬೇಸರ ತಪ್ಪುತ್ತಿತ್ತು.

ಇಲ್ಲೇ ಒಂದು ಸೂಕ್ಷ್ಮ ಇದೆ. ಕೊಳಕು ತರುವ ಒಂದು ದೊಡ್ಡ ಕಾಲುವೆಯನ್ನು ಬೇರೆ ಕಡೆ ತಿರುಗಿಸಿದಿರಿ ಅನ್ನಿ. ಅದು 300 ಕಿಲೋ ಫಾಸ್ಫರಸ್ ತರುತ್ತಿತ್ತು, ಜೊತೆಗೆ 6 ಲಕ್ಷ ಘನ ಮೀಟರ್ ನೀರನ್ನೂ ತರುತ್ತಿತ್ತು. ಫಾಸ್ಫರಸ್ ಮಾತ್ರ ಕಳೆದು ಲೆಕ್ಕ ಮಾಡಿದರೆ ಕೆರೆಯಲ್ಲಿ 48 ಮೈಕ್ರೋಗ್ರಾಂ ಎಂದು ಬರುತ್ತದೆ. ನೀರೂ ಕಡಿಮೆಯಾಯಿತಲ್ಲ, ಅದನ್ನೂ ಸೇರಿಸಿದರೆ ಹೊರಹರಿವು 15.2 ಲಕ್ಷಕ್ಕೆ ಇಳಿದು, ತಂಗುವ ಕಾಲ ಒಂಬತ್ತು ತಿಂಗಳು ದಾಟಿ, ಉತ್ತರ 63 ಆಗುತ್ತದೆ. ಅದೇ ಕಾಲುವೆಯ ನೀರನ್ನು ಶುದ್ಧಮಾಡಿ ಕೆರೆಗೇ ಬಿಡುವುದಕ್ಕೂ ತಿರುಗಿಸಿ ಕಳಿಸುವುದಕ್ಕೂ ಇರುವ ವ್ಯತ್ಯಾಸ ಇದು.

ವೊಲೆನ್‌ವೈಡರ್ ಸೂತ್ರದ ಹಿಂದಿರುವ ಅಂಕಿಅಂಶ ಬಹುಪಾಲು ತಂಪು ಪ್ರದೇಶದ ಸರೋವರಗಳದ್ದು. ಬಿಸಿ ಪ್ರದೇಶದ ಆಳವಿಲ್ಲದ ಕೆರೆಗೆ ಇದನ್ನು ಮೊದಲ ಅಂದಾಜು ಎಂದಷ್ಟೇ ತೆಗೆದುಕೊಳ್ಳಿ.

ಹೆಜ್ಜೆ 5: ಈಗ ಬೇಕಾದರೆ ಸಾಫ್ಟ್‌ವೇರ್

ಇಷ್ಟಾದ ಮೇಲೂ ಪ್ರಶ್ನೆಗೆ ಉತ್ತರ ಸಿಗದಿದ್ದರೆ ದೊಡ್ಡ ಸಾಧನಕ್ಕೆ ಕೈ ಹಾಕಿ. ಆಯ್ಕೆ ಕಷ್ಟವಲ್ಲ. ನದಿಯ ಪ್ರವಾಹ ಎಲ್ಲಿಯವರೆಗೆ ಏರುತ್ತದೆ ಎಂಬುದಕ್ಕೆ ಅಮೆರಿಕದ ಸೇನಾ ಎಂಜಿನಿಯರುಗಳ ಹೆಕ್-ರಾಸ್. ನಗರದ ಮಳೆನೀರು ಚರಂಡಿಗೆ 1971ರಿಂದ ಬೆಳೆದುಬಂದ ಸ್ವಿಮ್ (SWMM). ಹೊಲ, ಗೊಬ್ಬರ, ಮಣ್ಣಿನ ಸವಕಳಿ ಸೇರಿದ ದೊಡ್ಡ ಜಲಾನಯನಕ್ಕೆ ಸ್ವಾಟ್. ಅಂತರ್ಜಲಕ್ಕೆ ಮಾಡ್‌ಫ್ಲೋ. ಇರುವ ನೀರನ್ನು ಯಾರಿಗೆಷ್ಟು ಹಂಚುವುದು ಎಂಬ ಪ್ರಶ್ನೆಗೆ ವೀಪ್ (WEAP). ಕೊನೆಯದನ್ನು ಬಿಟ್ಟು ಉಳಿದವೆಲ್ಲ ಎಲ್ಲರಿಗೂ ಉಚಿತ.

ಆಳದ ಕೆರೆಯೊಳಗೆ ಮೇಲಿನ ನೀರು, ಕೆಳಗಿನ ನೀರು ಬೇರೆಬೇರೆಯಾಗಿ ನಿಲ್ಲುವುದನ್ನು ನೋಡಬೇಕಾದರೆ ಜಿಎಲ್‌ಎಂ ಒಳ್ಳೆಯದು. ಕೆರೆಯನ್ನು ಮೇಲಿಂದ ಕೆಳಕ್ಕೆ ಪದರಪದರವಾಗಿ ಲೆಕ್ಕ ಮಾಡುವ ಮಾಡೆಲ್ ಅದು. ನೀರಿನ ಸಾಂದ್ರತೆ ಅತಿ ಹೆಚ್ಚು ಇರುವುದು ಸುಮಾರು 4 ಡಿಗ್ರಿಯಲ್ಲಿ, ಅಲ್ಲಿಂದ ಬಿಸಿಯಾದಷ್ಟೂ ಹಗುರ. ಬಿಸಿ ನೀರಿನಲ್ಲಿ ಈ ಬದಲಾವಣೆ ತೀರಾ ಜೋರು: 29ರಿಂದ 30 ಡಿಗ್ರಿಗೆ ಏರುವಾಗ ಸಾಂದ್ರತೆ ಇಳಿಯುವುದು 4ರಿಂದ 5ಕ್ಕೆ ಏರುವಾಗಿನ 30 ಪಟ್ಟಿಗೂ ಹೆಚ್ಚು. ಹಾಗಾಗಿ ಬೆಚ್ಚನೆಯ ಕೆರೆಯಲ್ಲಿ ಮೇಲಕ್ಕೂ ಕೆಳಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸವಿದ್ದರೂ ಗಾಳಿ ಅದನ್ನು ಸುಲಭವಾಗಿ ಕಲಕಲಾರದು. ಕೆಳಗಿನ ನೀರಿಗೆ ಆಮ್ಲಜನಕ ಇಳಿಯುವುದು ನಿಲ್ಲುತ್ತದೆ. ಇಂಥ ಕಡೆ ಅರ್ಧ ಡಿಗ್ರಿ ತಪ್ಪು ತೋರಿಸುವ ಥರ್ಮಾಮೀಟರ್ ಕೊಟ್ಟ ಅಂಕಿಗಳಿಂದ ಮಾಡೆಲ್ ಓಡಿಸಿ ಪ್ರಯೋಜನವಿಲ್ಲ.

ಯಂತ್ರ ಕಲಿಕೆಯ (ಮಷೀನ್ ಲರ್ನಿಂಗ್) ಮಾಡೆಲ್‌ಗಳ ಬಗ್ಗೆಯೂ ಕೇಳುತ್ತಾರೆ. ಹಳೆಯ ಮಳೆ ಮತ್ತು ಹರಿವಿನ ದಾಖಲೆ ಉದ್ದಕ್ಕೆ ಇದ್ದರೆ ನಾಳೆಯ ಹರಿವನ್ನು ಅವು ಚೆನ್ನಾಗಿಯೇ ಹೇಳುತ್ತವೆ. ನಾಳೆ ಹೊಸ ಅಣೆಕಟ್ಟು ಬಂದರೆ ಏನಾದೀತು ಎಂದು ಕೇಳಿದರೆ ಮಾತ್ರ, ದಾಖಲೆಯಲ್ಲಿ ಎಂದೂ ಕಾಣದ ಸಂಗತಿಯನ್ನು ಅವು ಎಲ್ಲಿಂದ ಕಲಿತಿರುತ್ತವೆ?

ಹೆಜ್ಜೆ 6: ಅಂಕಿಅಂಶದ ಕಸ ಗುಡಿಸಿ

ಇಲ್ಲಿ ನನ್ನದೇ ಕಥೆ ಹೇಳಬೇಕು. ಒಂದು ಸಣ್ಣ ನದಿಯ ಮಾಡೆಲ್‌ನಲ್ಲಿ ಪ್ರವಾಹದ ತುದಿ, ಅಂದರೆ ನೀರು ಅತಿ ಹೆಚ್ಚು ಏರುವ ಹೊತ್ತು, ಪ್ರತಿ ಸಲವೂ ನಿಜವಾದ ದಿನಕ್ಕಿಂತ ಒಂದು ದಿನ ತಡವಾಗಿ ಬರುತ್ತಿತ್ತು. ನೆಲ ಬೇಗ ತುಂಬುವ ಹಾಗೆ ಬದಲಿಸಿದೆ, ನದಿಯ ತಳವನ್ನು ನುಣುಪು ಮಾಡಿದೆ, ಇಳಿಜಾರು ತಿದ್ದಿದೆ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಮಳೆ ದಾಖಲೆ ಬರೆಯುವವರನ್ನೇ ಕೇಳಿದೆ, "ಮಳೆ ಯಾವ ಹೊತ್ತಿಗೆ ಅಳೀತೀರಿ?" "ಬೆಳಗ್ಗೆ ಎಂಟೂವರೆಗೆ ಸಾರ್, ಆವತ್ತಿನ ತಾರೀಕು ಹಾಕ್ತೀವಿ" ಎಂದರು. ಅಂದರೆ ಸೋಮವಾರ ಮಧ್ಯಾಹ್ನ ಸುರಿದ ಮಳೆ ಪುಸ್ತಕದಲ್ಲಿ ಮಂಗಳವಾರದ್ದಾಗಿತ್ತು. ಕಾಲಂ ಅನ್ನು ಒಂದು ಸಾಲು ಮೇಲಕ್ಕೆ ಸರಿಸಿದೆ, ತುದಿಗಳು ತಾವಾಗಿಯೇ ಹೊಂದಿಕೊಂಡವು. ಆ ಎರಡು ವಾರದಲ್ಲಿ ನಾನು ನದಿಗೆ ಮಾಡಿದ ರಿಪೇರಿಯನ್ನೆಲ್ಲ ವಾಪಸ್ ತೆಗೆಯಲು ಮತ್ತೆರಡು ದಿನ ಬೇಕಾಯಿತು.

ಇದೇ ಜಾತಿಯ ಇನ್ನೂ ಕೆಲವು. ಅಳತೆ ಸಿಗದ ದಿನಕ್ಕೆ ಕೆಲವರು ಮೈನಸ್ 999 ಎಂದು ತುಂಬುತ್ತಾರೆ, ಕೆಲವರು ಸೊನ್ನೆ ಬರೆಯುತ್ತಾರೆ. ಮೊದಲನೆಯದನ್ನು ಹಾಗೇ ಕೂಡಿಸಿದರೆ ವರ್ಷದ ಮಳೆ ಸೊನ್ನೆಗಿಂತ ಕೆಳಗೆ ಹೋಗಿ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು ಸೊನ್ನೆಯಲ್ಲಿ, ಅದು ಸುಮ್ಮನೆ ಮಳೆಯಿಲ್ಲದ ದಿನದ ವೇಷ ಹಾಕಿ ಕೂತಿರುತ್ತದೆ. ಮಟ್ಟ ತೋರಿಸುವ ಪಟ್ಟಿಯನ್ನು ರಿಪೇರಿಗೆ ಕಿತ್ತು ಮತ್ತೆ ನೆಟ್ಟಾಗ ಅದರ ಸೊನ್ನೆ ಗುರುತು ನಾಲ್ಕು ಬೆರಳು ಆಚೀಚೆ ಆಗಿರಬಹುದು. ಹಾಗಾಗಿ ಎಲ್ಲ ಅಂಕಿಗಳನ್ನೂ ಮೊದಲು ಗ್ರಾಫ್ ಮಾಡಿ ಕಣ್ಣಲ್ಲೇ ನೋಡಿ. ಉಪಗ್ರಹದ ಚಿತ್ರಗಳಿಂದ ನೀರು ಹರಡಿದ ವಿಸ್ತೀರ್ಣವನ್ನು ತಾಳೆ ನೋಡಬಹುದು. ಲ್ಯಾಂಡ್‌ಸ್ಯಾಟ್ ಸರಣಿ 1972ರಿಂದ ಇದೆ, ಉಚಿತ.

ಹೆಜ್ಜೆ 7: ಹೊಂದಿಸಿ, ಆಮೇಲೆ ಪರೀಕ್ಷಿಸಿ

ಹತ್ತು ವರ್ಷದ ದಾಖಲೆ ಇದ್ದರೆ ಆರು ವರ್ಷದ್ದನ್ನು ಮಾಡೆಲ್ ಹೊಂದಿಸಲು, ಅಂದರೆ ಅದರ ಉತ್ತರ ಅಳತೆಗೆ ಹತ್ತಿರ ಬರುವ ಹಾಗೆ ಒಳಗಿನ ಅಂಕಿಗಳನ್ನು ತಿದ್ದಲು ಬಳಸಿ, ಉಳಿದ ನಾಲ್ಕನ್ನು ಮುಟ್ಟದೆ ಪರೀಕ್ಷೆಗೆ ಇಡಿ. ಉತ್ತರ ಪತ್ರಿಕೆ ನೋಡಿಕೊಂಡು ಬರೆದ ಪರೀಕ್ಷೆಗೆ ಅಂಕ ಕೊಡುವಂತಿಲ್ಲ. ಸಾಧ್ಯವಾದರೆ ಮಳೆ ಕಡಿಮೆಯಾದ ವರ್ಷಗಳಲ್ಲಿ ಹೊಂದಿಸಿ, ಹೆಚ್ಚಾದ ವರ್ಷಗಳಲ್ಲಿ ಪರೀಕ್ಷಿಸಿ.

ಹರಿವಿನ ಮಾಡೆಲ್‌ಗೆ ಅಂಕ ಕೊಡಲು ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಕೊಟ್ಟ ಅಳತೆ ಚಾಲ್ತಿಯಲ್ಲಿದೆ. 1 ಬಂದರೆ ಪೂರ್ತಿ ಹೊಂದಿಕೆ. 0 ಬಂದರೆ ನಿಮ್ಮ ಮಾಡೆಲ್‌ಗೂ ಸುಮ್ಮನೆ ಸರಾಸರಿ ಹೇಳುವುದಕ್ಕೂ ವ್ಯತ್ಯಾಸವಿಲ್ಲ. ಮಳೆಗಾಲ ಬೇಸಿಗೆ ಎಂದು ಹರಿವು ಜೋರಾಗಿ ಏರಿಳಿಯುವ ನದಿಯಲ್ಲಿ ಈ ಅಂಕ ಸುಮ್ಮಸುಮ್ಮನೆ ಹೆಚ್ಚು ಬರುತ್ತದೆ, ಜಂಭ ಪಡಬೇಡಿ. ಆಯಾ ತಿಂಗಳ ಹಳೆಯ ಸರಾಸರಿಯನ್ನೇ ಎದುರಾಳಿ ಮಾಡೆಲ್ ಎಂದು ನಿಲ್ಲಿಸಿ, ಅದನ್ನು ಸೋಲಿಸಿದ್ದೀರಾ ನೋಡಿ.

ಸರಿಯಾದ ಉತ್ತರ ತಪ್ಪು ಕಾರಣಕ್ಕೂ ಬರಬಹುದು. ಆವಿ ಹೆಚ್ಚು ಮಾಡಿ ಇಂಗುವುದನ್ನು ಕಡಿಮೆ ಮಾಡಿದರೂ, ಅದರ ಉಲ್ಟಾ ಮಾಡಿದರೂ ನೀರಿನ ಮಟ್ಟ ಒಂದೇ ಥರ ಹೊಂದುತ್ತದೆ. ಬಿಡಿಸಲು ನೀರಿನ ಕ್ಲೋರೈಡ್ ಅಳೆಯಿರಿ. ಆವಿಯಾಗುವ ನೀರು ಉಪ್ಪನ್ನು ಕೆರೆಯಲ್ಲೇ ಬಿಟ್ಟು ಹೋಗುತ್ತದೆ, ಇಂಗುವ ನೀರು ಜೊತೆಗೆ ಒಯ್ಯುತ್ತದೆ. ಬೇಸಿಗೆಯುದ್ದಕ್ಕೂ ಕ್ಲೋರೈಡ್ ಎಷ್ಟು ಏರಿತು ಎಂಬುದರಲ್ಲಿ ಉತ್ತರ ಇರುತ್ತದೆ. ಮಾಡೆಲ್‌ಗೆ ಇನ್ನೂ ಹತ್ತು ಸಮೀಕರಣ ಸೇರಿಸುವುದಕ್ಕಿಂತ ತಿಂಗಳಿಗೊಂದು ಬಾಟಲಿ ನೀರು ಲ್ಯಾಬಿಗೆ ಕಳಿಸುವುದು ಎಷ್ಟೋ ಮೇಲು.

ಹೆಜ್ಜೆ 8: ಹೊಂದದ ಕಡೆಯೇ ಕೂತು ನೋಡಿ

ಮಾಡೆಲ್ ಮತ್ತು ಅಳತೆ ಬೇರೆಬೇರೆ ಹೇಳಿದಾಗ ತಿರುಪು ತಿರುಗಿಸಿ ಹೇಗಾದರೂ ಹೊಂದಿಸಿಬಿಡುವ ಚಪಲ ಎಲ್ಲರಿಗೂ ಇದೆ. ಮೊದಲು ಕೈ ಕಟ್ಟಿ ಕೂರಿ.

ಅಮೆರಿಕದ ಮಿನೆಸೋಟದ ಶಗಾವ ಸರೋವರಕ್ಕೆ ಈಲಿ (Ely) ಎಂಬ ಪಟ್ಟಣದ ಕೊಳಚೆ ಬರುತ್ತಿತ್ತು. 1973ರಲ್ಲಿ ಫಾಸ್ಫರಸ್ ತೆಗೆಯುವ ಶುದ್ಧೀಕರಣ ಘಟಕ ಶುರುವಾಯಿತು. ಅಲ್ಲಿ ನೀರು ಹೆಚ್ಚು ಕಾಲ ತಂಗುವುದಿಲ್ಲ, ಹಾಗಾಗಿ ಸರೋವರ ಬೇಗ ಚೇತರಿಸಿಕೊಳ್ಳುತ್ತದೆ ಎಂದು ಲೆಕ್ಕ ಹೇಳಿತು. ಬೇಸಿಗೆಯ ಪಾಚಿ ಮಾತ್ರ ಹೋಗಲಿಲ್ಲ. ಸೂತ್ರದಲ್ಲಿ ಫಾಸ್ಫರಸ್ ಬರುವ ದಾರಿ ಒಂದೇ, ಹೊರಗಿನಿಂದ. ನಿಜದ ಸರೋವರದಲ್ಲಿ ದಶಕಗಳಿಂದ ತಳದ ಕೆಸರಲ್ಲಿ ಕೂತ ಫಾಸ್ಫರಸ್, ಬೇಸಿಗೆಯಲ್ಲಿ ಕೆಳಗಿನ ಆಮ್ಲಜನಕ ಮುಗಿದಾಗ ಮತ್ತೆ ನೀರಿಗೆ ಬರುತ್ತಿತ್ತು. ಹಳೇ ಸಾಲ ತೀರದೆ ಇಂದಿನ ಖರ್ಚು ಕಡಿಮೆ ಮಾಡಿದ ಹಾಗೆ. ಲೆಕ್ಕಕ್ಕೂ ಅಳತೆಗೂ ನಡುವಿನ ಆ ಅಂತರವೇ ಮುಂದೆ ಎಲ್ಲಿ ಪರೀಕ್ಷೆಗೆ ಮಾದರಿ (ಸ್ಯಾಂಪಲ್) ತೆಗೆಯಬೇಕು ಎಂದು ತೋರಿಸಿತು: ಕೆಸರಿನಲ್ಲಿ.

ನಮ್ಮ ಕಾಲ್ಪನಿಕ ಕೆರೆಯಲ್ಲೂ ಅಷ್ಟೇ. ಸೂತ್ರ 129 ಹೇಳಿ ಅಳತೆ 240 ಬಂದರೆ ಮೂರು ಅನುಮಾನ ಬರೆದುಕೊಳ್ಳಿ: ಲೆಕ್ಕಕ್ಕೆ ಸಿಗದ ಕಾಲುವೆ ಇದೆಯೇ, ಕೆಸರು ಕೊಡುತ್ತಿದೆಯೇ, ಮಾದರಿ ತೆಗೆದ ದಿನ ಪಾಚಿಯೆಲ್ಲ ಗಾಳಿಗೆ ಆ ದಡಕ್ಕೆ ತೇಲಿ ಬಂದಿತ್ತೇ. ಒಂದೊಂದಕ್ಕೂ ಪರೀಕ್ಷೆ ಬೇರೆ.

ಹೆಜ್ಜೆ 9: ಉತ್ತರ ಒಂದು ಸಂಖ್ಯೆಯಲ್ಲಿ ಬೇಡ

ಅಳತೆಗೆ ಸರಿಸುಮಾರು ಹೊಂದುವ ಬೇರೆಬೇರೆ ಹೊಂದಾಣಿಕೆಗಳು ನೂರಾರು ಇರುತ್ತವೆ. ಎಲ್ಲವನ್ನೂ ಓಡಿಸಿ, "ಕಾಲುವೆ ತಿರುಗಿಸಿದರೆ 50ರಿಂದ 80ರೊಳಗೆ" ಎಂಬಂಥ ವ್ಯಾಪ್ತಿ ಕೊಡಿ. ನಿರ್ಧಾರ ಮಾಡುವವರು "ಒಂದು ಅಂಕಿ ಹೇಳಿ" ಎಂದು ಒತ್ತಾಯಿಸುತ್ತಾರೆ, ಹೇಳಬೇಡಿ. 62.7 ಎಂದು ದಶಾಂಶ ಹಾಕಿ ಕೊಟ್ಟರೆ ಆ ದಶಾಂಶವನ್ನೇ ನಂಬುತ್ತಾರೆ. ಅದರ ಬದಲು ಆಯ್ಕೆಗಳನ್ನು ಪಕ್ಕಪಕ್ಕದಲ್ಲಿಡಿ: ಏನೂ ಮಾಡದಿದ್ದರೆ, ತಿರುಗಿಸಿದರೆ, ಶುದ್ಧಮಾಡಿ ಬಿಟ್ಟರೆ, ಶುದ್ಧಮಾಡಿ ಹೂಳೂ ತೆಗೆದರೆ. ವ್ಯಾಪ್ತಿಗಳು ಒಂದರ ಮೇಲೊಂದು ಬಿದ್ದರೂ ಯಾವುದು ಮೇಲು ಎಂಬ ಕ್ರಮ ಬಹಳ ಸಲ ಬದಲಾಗುವುದಿಲ್ಲ.

ಹೆಜ್ಜೆ 10: ಮುಂಚೆ ಬರೆದಿಡಿ, ಆಮೇಲೆ ಅಳೆಯಿರಿ

ಕೆಲಸ ಶುರುವಾಗುವ ಮುಂಚೆಯೇ ನಿಮ್ಮ ಮಾಡೆಲ್ ಹೇಳಿದ್ದನ್ನು ತಾರೀಕು ಹಾಕಿ ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಆವೃತ್ತಿ, ಯಾವ ಅಂಕಿಅಂಶ, ಯಾವ ಊಹೆ, ಎಲ್ಲ. ಆಮೇಲೆ ಪ್ರತಿ ತಿಂಗಳು ಒಂದೇ ಜಾಗದಲ್ಲಿ ಸೆಕ್ಕಿ ತಟ್ಟೆ ಇಳಿಸಿ. 20 ಸೆಂಟಿಮೀಟರ್ ಅಗಲದ, ಕಪ್ಪು-ಬಿಳಿ ಕಾಲುಭಾಗಗಳ ಈ ತಟ್ಟೆ ಕಣ್ಣಿಗೆ ಮಾಯವಾಗುವ ಆಳ ನೋಡಿಕೊಂಡರೆ ನೀರು ಎಷ್ಟು ತಿಳಿಯಾಗಿದೆ ಎಂದು ತಿಳಿಯುತ್ತದೆ. ಒಂದು ಹಗ್ಗ, ಒಂದು ತಟ್ಟೆ, ಕರೆಂಟು ಬೇಡ.

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದಲ್ಲಿ ಇಂಥ ಅಳತೆಯನ್ನು ಸರೋವರ ವಿಜ್ಞಾನಿ ಟಾಮಿ ಎಡ್ಮಂಡ್ಸನ್ ದಶಕಗಳ ಕಾಲ ಬಿಡದೆ ಮಾಡಿಸಿದರು. 1963ರಿಂದ 1968ರೊಳಗೆ ಕೊಳಚೆಯನ್ನು ಪೂರ್ತಿ ಬೇರೆ ಕಡೆ ತಿರುಗಿಸಲಾಯಿತು. ಸುಮಾರು 1 ಮೀಟರಿಗೇ ಮಾಯವಾಗುತ್ತಿದ್ದ ತಟ್ಟೆ ಕೆಲವೇ ವರ್ಷಗಳಲ್ಲಿ 3 ಮೀಟರಿನವರೆಗೂ ಕಾಣತೊಡಗಿತು, ಫಾಸ್ಫರಸ್ ಲೆಕ್ಕ ಹೇಳಿದ ದಿಕ್ಕಿನಲ್ಲೇ. ಆಮೇಲೆ 1976ರಲ್ಲಿ ನೀರು ಇದ್ದಕ್ಕಿದ್ದಂತೆ ಇನ್ನೂ ತಿಳಿಯಾಯಿತು. ಪಾಚಿ ತಿನ್ನುವ ಡಾಫ್ನಿಯಾ ಎಂಬ ಪುಟ್ಟ ನೀರುಜೀವಿ ಸರೋವರದ ತುಂಬ ಹೆಚ್ಚಿಕೊಂಡಿತ್ತು. ಫಾಸ್ಫರಸ್ ಲೆಕ್ಕದ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.